ಎರಡು ಕಂಪ್ಯೂಟರ್, ಎರಡು ಬೇರೆ ಬೇರೆ ಖಾತೆ: ಒಂದರ ಫೋಲ್ಡರನ್ನು ಇನ್ನೊಂದರಿಂದ ತೆರೆಯುವುದು ಹೇಗೆ?

ಅಕ್ಷರಜೋಡಣೆ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರವೊಂದರಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ, ಫ್ಲೆಕ್ಸ್ ಇವೇ ನಮ್ಮ ಕೆಲಸ. ಮುಂದಿನ ಕೌಂಟರಿನ ಕಂಪ್ಯೂಟರಿನಲ್ಲಿ ವಿಂಡೋಸ್ 11 ಪ್ರೊ ಇದ್ದು, ನಾನು ಮೈಕ್ರೋಸಾಫ್ಟ್ ಖಾತೆಯಲ್ಲಿ ಪಿನ್ ಒತ್ತಿ ಒಳಹೋಗುತ್ತೇನೆ. ಒಳಕೋಣೆಯಲ್ಲಿ ವಿನ್ಯಾಸ ಮಾಡುವ ಹುಡುಗನ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಅಲ್ಲಿರುವುದು 'ಪ್ರೆಸ್' ಎಂಬ ಖಾತೆ, ಅದಕ್ಕೆ ಪಾಸ್‌ವರ್ಡ್ ಇಟ್ಟಿಲ್ಲ. ಎರಡೂ ಒಂದೇ ರೂಟರಿಗೆ ಸೇರಿವೆ.

ಕೌಂಟರಿನ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ 'ಕೆಲಸ' ಮತ್ತು 'ಲೆಕ್ಕ' ಎಂಬ ಎರಡು ಫೋಲ್ಡರ್‌ಗಳಿವೆ. 'ಕೆಲಸ'ದಲ್ಲಿರುವ ಕೋರೆಲ್‌ಡ್ರಾ ಮತ್ತು ವರ್ಡ್ ಕಡತಗಳನ್ನು ಹುಡುಗನು ಅಲ್ಲಿಂದಲೇ ತೆರೆದು, ತಿದ್ದಿ, ಅಲ್ಲಿಯೇ ಉಳಿಸುವಂತಾಗಬೇಕು. 'ಲೆಕ್ಕ'ವು ಅವನಿಗೆ ಕಾಣಬಾರದು. ಒಳಕೋಣೆಯಿಂದ ನೋಡಿದರೆ ಕೌಂಟರಿನ ಕಂಪ್ಯೂಟರಿನ ಹೆಸರೇನೋ ಕಾಣುತ್ತದೆ, ಆದರೆ ಅದರ ಮೇಲೆ ಒತ್ತಿದೊಡನೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ನನ್ನ ಪಿನ್ ಕೊಟ್ಟರೆ ತಪ್ಪು ಎನ್ನುತ್ತದೆ. 'ಪ್ರೆಸ್' ಎಂದು ಬರೆದು ಪಾಸ್‌ವರ್ಡ್ ಜಾಗವನ್ನು ಖಾಲಿ ಬಿಟ್ಟರೂ ಅದೇ ಉತ್ತರ ಬರುತ್ತದೆ. ಪೆನ್‌ಡ್ರೈವ್ ಓಡಾಟದಲ್ಲಿ ಒಂದೇ ಪತ್ರಿಕೆಯ ನಾಲ್ಕಾರು ಪ್ರತಿಗಳಾಗಿ, ಯಾವುದು ಕೊನೆಯದೆಂದು ತಿಳಿಯದಂತಾಗುತ್ತಿದೆ. ಬಲ್ಲವರು ದಾರಿ ತೋರಿಸಬೇಕು.

ಹಳೇಪೆಟ್ಟಿಗೆ

ಇದಕ್ಕೆ ಇಷ್ಟು ಯೋಚನೆ ಬೇಡ ಸರ್. ಕೌಂಟರಿನ ಕಂಪ್ಯೂಟರಿನಲ್ಲಿ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಎಂಬುದನ್ನು ಆಫ್ ಮಾಡಿ, ಫೋಲ್ಡರಿನ ಮೇಲೆ 'ಎವರಿವನ್'ಗೆ ಫುಲ್ ಕಂಟ್ರೋಲ್ ಕೊಡಿ. ನಾನು ಅಂಗಡಿಗಳಿಗೆ ಕಂಪ್ಯೂಟರ್ ಜೋಡಿಸಿಕೊಡುವಾಗ ಬಹಳ ಕಾಲದಿಂದ ಹೀಗೆಯೇ ಮಾಡುತ್ತ ಬಂದಿದ್ದೇನೆ. ಹಿಂದೆ ಹೋಮ್‌ಗ್ರೂಪ್ (ಮನೆಯ ಕಂಪ್ಯೂಟರುಗಳ ನಡುವೆ ಕಡತ ಹಂಚಲು ವಿಂಡೋಸ್‌ನಲ್ಲೇ ಇದ್ದ ಸೌಲಭ್ಯ) ಇದ್ದಾಗ ಇನ್ನೂ ಸುಲಭವಿತ್ತು. 2018ರ ವಿಂಡೋಸ್ 10ರ 1803ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು.

ತುಂಗಾತೀರ

ಹಳೇಪೆಟ್ಟಿಗೆಯವರು ಹೇಳಿದ ದಾರಿಯಿಂದ ಫೋಲ್ಡರ್ ತೆರೆಯಬಹುದು, ಆದರೆ ಯಾರು ತೆರೆದರೆಂಬುದು ಆ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅಕ್ಷರಜೋಡಣೆಯವರು ಕೇಳಿರುವುದು ಒಂದನ್ನು ತೋರಿಸಿ ಇನ್ನೊಂದನ್ನು ಮರೆಮಾಡುವ ವ್ಯವಸ್ಥೆಯನ್ನು. ಬಂದವರು ಯಾರೆಂದು ತಿಳಿಯದಿದ್ದರೆ ಅದು ಸಾಧ್ಯವಾಗದು. ಆದ್ದರಿಂದ ಮೊದಲು ಪಾಸ್‌ವರ್ಡ್ ಪೆಟ್ಟಿಗೆ ಏನನ್ನು ಕೇಳುತ್ತಿದೆ ಎಂಬುದನ್ನು ನೋಡೋಣ.

ಡೊಮೇನ್, ಅಂದರೆ ಎಲ್ಲ ಖಾತೆಗಳನ್ನೂ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ, ಇಲ್ಲದ ಸಣ್ಣ ಕಚೇರಿಯಲ್ಲಿ ಪ್ರತಿಯೊಂದು ವಿಂಡೋಸ್ ಕಂಪ್ಯೂಟರೂ ತನ್ನ ಖಾತೆಗಳ ಪಟ್ಟಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ಒಳಕೋಣೆಯ 'ಪ್ರೆಸ್' ಖಾತೆಯ ಸುದ್ದಿ ಕೌಂಟರಿನ ಕಂಪ್ಯೂಟರಿಗೆ ಗೊತ್ತೇ ಇಲ್ಲ. ಎರಡೂ ಕಡೆ ಒಂದೇ ಹೆಸರಿನ ಖಾತೆಗಳಿದ್ದರೂ ಒಳಗಿನ ಭದ್ರತಾ ಗುರುತು ಬೇರೆ ಬೇರೆಯಾಗಿರುವುದರಿಂದ ಅವು ಎರಡು ಬೇರೆ ಖಾತೆಗಳೇ. ಹೀಗಾಗಿ ಆ ಪೆಟ್ಟಿಗೆಯಲ್ಲಿ ಬರೆಯಬೇಕಾದದ್ದು ಫೋಲ್ಡರ್ ಯಾವ ಕಂಪ್ಯೂಟರಿನಲ್ಲಿದೆಯೋ ಆ ಕಂಪ್ಯೂಟರಿನ ಪಟ್ಟಿಯಲ್ಲಿರುವ ಖಾತೆಯ ಹೆಸರು ಮತ್ತು ಅದರ ಪಾಸ್‌ವರ್ಡ್. ಹುಡುಗನು ತನ್ನ ಮುಂದಿರುವ ಯಂತ್ರಕ್ಕೆ ಯಾವ ಹೆಸರಿನಲ್ಲಿ ಒಳಹೋಗಿದ್ದಾನೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಪಿನ್ ನಡೆಯದಿರುವುದಕ್ಕೂ ಕಾರಣವಿದೆ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಕಟ್ಟಿದ್ದು. ಅದರ ಮುಂದೆ ಕುಳಿತವರಿಗಷ್ಟೇ ಅದರಿಂದ ಪ್ರವೇಶ ಸಿಗುತ್ತದೆ, ನೆಟ್‌ವರ್ಕಿನ ಮೂಲಕ ಬಂದವರಿಗಲ್ಲ. ಮೈಕ್ರೋಸಾಫ್ಟ್ ಖಾತೆಯನ್ನೇ ಬಳಸಬೇಕೆಂದರೆ ಪೂರ್ತಿ ಇ-ಮೇಲ್ ವಿಳಾಸವನ್ನೂ ಆ ಖಾತೆಯ ನಿಜವಾದ ಪಾಸ್‌ವರ್ಡನ್ನೂ ಕೊಡಬೇಕು. ಪಾಸ್‌ವರ್ಡನ್ನೇ ತೆಗೆದುಹಾಕಿದ ಖಾತೆಯಾಗಿದ್ದರೆ ಕೊಡಲು ಏನೂ ಉಳಿದಿರುವುದಿಲ್ಲ. ಪಾಸ್‌ವರ್ಡ್ ಇದ್ದರೂ ನಿಮ್ಮ ಇ-ಮೇಲ್‌ನ ಕೀಲಿಯನ್ನು ಕೆಲಸದವರ ಯಂತ್ರದಲ್ಲಿ ಉಳಿಸಿಡುವುದು ನನಗೆ ಒಪ್ಪಿಗೆಯಾಗದ ಮಾತು.

ಖಾಲಿ ಪಾಸ್‌ವರ್ಡಿನ ಖಾತೆಯೂ ಇಲ್ಲಿ ನಡೆಯುವುದಿಲ್ಲ. ಪಾಸ್‌ವರ್ಡ್ ಇಲ್ಲದ ಸ್ಥಳೀಯ ಖಾತೆಯನ್ನು (ಆ ಒಂದು ಕಂಪ್ಯೂಟರಿನಲ್ಲಷ್ಟೇ ಇರುವ ಖಾತೆ) ಯಂತ್ರದ ಮುಂದೆ ಕುಳಿತು ಮಾತ್ರ ಬಳಸಬಹುದು ಎಂಬ ಭದ್ರತಾ ನಿಯಮ ವಿಂಡೋಸ್‌ನಲ್ಲಿ ಮೊದಲಿನಿಂದಲೇ ಚಾಲ್ತಿಯಲ್ಲಿರುತ್ತದೆ. ಆ ನಿಯಮವನ್ನು ಸಡಿಲಿಸುವ ಸಲಹೆಗಳು ಅಲ್ಲಲ್ಲಿ ಸಿಗುತ್ತವೆ. ದಯವಿಟ್ಟು ಆ ಗೋಜಿಗೆ ಹೋಗಬೇಡಿ.

ಹಳೇಪೆಟ್ಟಿಗೆ

ಮೇಡಂ, ನೀವು ಹೇಳಿದ್ದು ಸರಿಯೇ ಇರಬಹುದು. ಆದರೆ ಇದ್ದದ್ದು ಎರಡೇ ಕಂಪ್ಯೂಟರ್, ಬರುವವರು ಇಬ್ಬರೇ. ಇಷ್ಟಕ್ಕೆ ಖಾತೆ, ಪಾಸ್‌ವರ್ಡ್, ಅನುಮತಿ ಎಂದು ಕಟ್ಟುಪಾಡು ಹಾಕಿದರೆ ನಾಳೆ ಏನಾದರೂ ನಿಂತಾಗ ಅಂಗಡಿಯವರು ನನ್ನಂಥವರಿಗೆ ಫೋನ್ ಮಾಡಬೇಕಾಗುತ್ತದೆ.

ಬಯಲುಸೀಮೆ

ಹಳೇಪೆಟ್ಟಿಗೆಯವರ ವಾದ ಒಂದು ಕಾಲಕ್ಕೆ ಸಲ್ಲುತ್ತಿತ್ತು. ಈಗ ಆ ದಾರಿಯೇ ಮುಚ್ಚಿಕೊಳ್ಳುತ್ತಿದೆ. ಪಾಸ್‌ವರ್ಡ್ ರಕ್ಷಣೆಯನ್ನು ಆಫ್ ಮಾಡಿದಾಗ ಒಳಬರುವವರು 'ಗೆಸ್ಟ್' ಎಂಬ ಅತಿಥಿಯಾಗಿ ಬರುತ್ತಾರೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ ಯಂತ್ರಗಳು ಬೇರೆಡೆಗೆ ಅತಿಥಿಯಾಗಿ ಹೋಗುವುದನ್ನು ತಾವಾಗಿಯೇ ನಿರಾಕರಿಸುತ್ತವೆ. ಜೊತೆಗೆ ಎಸ್‌ಎಂಬಿ (ವಿಂಡೋಸ್ ಕಡತ ಹಂಚಲು ಬಳಸುವ ವಿಧಾನ) ಸಂಪರ್ಕದಲ್ಲಿ ಪ್ರತಿ ಸಂದೇಶಕ್ಕೂ ಸಹಿ, ಅಂದರೆ ಅದು ದಾರಿಯಲ್ಲಿ ಬದಲಾಗಿಲ್ಲವೆಂದು ತೋರಿಸುವ ಗುರುತು, ಇರಬೇಕೆಂದು ಕೇಳುತ್ತವೆ. ಸಹಿಯ ಕೀಲಿ ಹುಟ್ಟುವುದು ಖಾತೆಯ ಪಾಸ್‌ವರ್ಡಿನ ಆಧಾರದಿಂದ. ಅತಿಥಿಗೆ ಪಾಸ್‌ವರ್ಡ್ ಇಲ್ಲ, ಆದ್ದರಿಂದ ಸಹಿಯೂ ಇಲ್ಲ.

ಅಂದರೆ, ನಾಳೆ ಒಳಕೋಣೆಯ ಕಂಪ್ಯೂಟರಿನಲ್ಲಿ ಒಂದು ಫೋಲ್ಡರನ್ನು ಹೀಗೆ ತೆರೆದಿಟ್ಟು ಅದನ್ನು ಕೌಂಟರಿನಿಂದ ನೋಡಬೇಕೆಂದರೆ ಕೌಂಟರಿನ ಯಂತ್ರವೇ ಒಪ್ಪದಿರಬಹುದು. ಒಳಕೋಣೆಯ ವಿಂಡೋಸ್ 10ಕ್ಕೆ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನು ಬದಲಿಸಿದ ದಿನ ಈ ತೊಡಕು ಎರಡೂ ದಿಕ್ಕಿಗೆ ಬರುತ್ತದೆ. ಖಾತೆ ಮಾಡಿಬಿಡುವುದು ಒಂದು ಸಲದ ಕೆಲಸ. ಫೋನ್ ಕರೆ ಕಡಿಮೆಯಾಗುವುದು ಅದರಿಂದಲೇ.

ಅಕ್ಷರಜೋಡಣೆ

ಹಾಗಿದ್ದರೆ ಖಾತೆಯನ್ನು ಎಲ್ಲಿ, ಹೇಗೆ ಮಾಡಬೇಕು? ಪರಿಚಯದವರೊಬ್ಬರು ಎರಡೂ ಕಂಪ್ಯೂಟರಿನಲ್ಲಿ ಒಂದೇ ಹೆಸರು, ಒಂದೇ ಪಾಸ್‌ವರ್ಡಿನ ಖಾತೆ ಮಾಡಿದರೆ ಏನನ್ನೂ ಕೇಳದೆ ತೆರೆಯುತ್ತದೆ ಎಂದರು. ಅದು ನಿಜವೇ?

ತುಂಗಾತೀರ

ನಿಜ. ಹುಡುಗನು ಒಳಹೋಗಿರುವ ಹೆಸರು ಮತ್ತು ಪಾಸ್‌ವರ್ಡನ್ನೇ ವಿಂಡೋಸ್ ಮೊದಲು ಆಚೆಯ ಯಂತ್ರದ ಮುಂದಿಟ್ಟು ನೋಡುತ್ತದೆ. ಅಲ್ಲಿಯೂ ಅದೇ ಜೋಡಿ ಇದ್ದರೆ ಬಾಗಿಲು ತೆರೆಯುತ್ತದೆ. ಆದರೆ ಒಂದು ಕಡೆ ಪಾಸ್‌ವರ್ಡ್ ಬದಲಾದ ದಿನ ಕೊಂಡಿ ಕಳಚುತ್ತದೆ, ಮತ್ತು ಏಕೆ ಕಳಚಿತೆಂದು ಯಾರಿಗೂ ಹೊಳೆಯುವುದಿಲ್ಲ. ನೀವು ಖಾತೆಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬಹುದು.

ಕೌಂಟರಿನ ಕಂಪ್ಯೂಟರಿನಲ್ಲಿ 'ವಿನ್ಯಾಸ' ಎಂಬ ಒಂದು ಸ್ಥಳೀಯ ಖಾತೆಯನ್ನು ತೆರೆಯಿರಿ. ಅದು ಸಾಮಾನ್ಯ ಬಳಕೆದಾರನ ಖಾತೆಯಾಗಿರಲಿ, ಅಡ್ಮಿನಿಸ್ಟ್ರೇಟರ್ ಆಗಿರಬಾರದು. ನಿಮ್ಮದು ಪ್ರೊ ಆದ್ದರಿಂದ ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ 'ಲೋಕಲ್ ಯೂಸರ್ಸ್ ಆಂಡ್ ಗ್ರೂಪ್ಸ್' ಸಿಗುತ್ತದೆ. ಹೋಮ್ ಆವೃತ್ತಿಯವರಿಗೆ ಅದು ಇರುವುದಿಲ್ಲವಾದ್ದರಿಂದ ಅವರು ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಿಂದ ಮಾಡಿಕೊಳ್ಳಬೇಕು.

ಹೊಸ ಬಳಕೆದಾರನ ಹೆಸರು ಬರೆಯುವ ಆ ಪುಟ್ಟ ಕಿಟಕಿಯನ್ನು ಅವಸರದಲ್ಲಿ ದಾಟಿಬಿಡುವವರೇ ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಪಾಸ್‌ವರ್ಡಿನ ಕೆಳಗೆ, ಮುಂದಿನ ಸಲ ಒಳಬರುವಾಗ ಬಳಕೆದಾರನು ಪಾಸ್‌ವರ್ಡ್ ಬದಲಿಸಬೇಕು ಎಂಬ ಸಾಲಿನ ಮುಂದೆ ಮೊದಲೇ ಟಿಕ್ ಬಿದ್ದಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಖಾತೆ ಸರಿಯಿದ್ದರೂ, ಪಾಸ್‌ವರ್ಡ್ ಸರಿಯಿದ್ದರೂ ಫೋಲ್ಡರ್ ತೆರೆಯದು, ಏಕೆಂದರೆ ಹುಡುಗನು ಆ ಕಂಪ್ಯೂಟರಿನ ಮುಂದೆ ಕುಳಿತು ಪಾಸ್‌ವರ್ಡ್ ಬದಲಿಸುವ ಸಂದರ್ಭವೇ ಬರುವುದಿಲ್ಲ. ಆ ಟಿಕ್ ತೆಗೆದು, 'ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್' ಎಂಬುದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ಸ್ಥಳೀಯ ನಿಯಮದ ಪ್ರಕಾರ ಪಾಸ್‌ವರ್ಡಿನ ಆಯುಸ್ಸು 42 ದಿನ. 'ತಿಂಗಳಿಗಿಂತ ಹೆಚ್ಚು ಕಾಲ ಚೆನ್ನಾಗಿ ನಡೆದು ಒಂದು ಬೆಳಿಗ್ಗೆ ನಿಂತುಹೋಯಿತು, ವೈರಸ್ ಇರಬೇಕು' ಎಂದು ದೂರುವವರಲ್ಲಿ ಹಲವರ ತೊಂದರೆ ಇದೇ ಆಗಿರುತ್ತದೆ.

ಇಷ್ಟಾದ ಮೇಲೆ ಒಳಕೋಣೆಯ ಯಂತ್ರದಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್ (ಹೆಸರು, ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಜಾಗ) ತೆರೆದು, ವಿಂಡೋಸ್ ಕ್ರೆಡೆನ್ಶಿಯಲ್ಸ್ ವಿಭಾಗದಲ್ಲಿ ಹೊಸದೊಂದನ್ನು ಸೇರಿಸಿ. ವಿಳಾಸದ ಜಾಗದಲ್ಲಿ ಕೌಂಟರಿನ ಕಂಪ್ಯೂಟರಿನ ಹೆಸರು, ಬಳಕೆದಾರರ ಜಾಗದಲ್ಲಿ ಕಂಪ್ಯೂಟರಿನ ಹೆಸರು, ಹಿಂಗೆರೆ, ಖಾತೆಯ ಹೆಸರು, ಅಂದರೆ ಕೌಂಟರ್\ವಿನ್ಯಾಸ ಎಂಬ ರೂಪದಲ್ಲಿ ಬರೆಯಿರಿ. ಬರೀ 'ವಿನ್ಯಾಸ' ಎಂದರೂ ಅನೇಕ ವೇಳೆ ನಡೆಯುತ್ತದೆ, ಆದರೆ ಯಾವ ಯಂತ್ರದ ಖಾತೆ ಎಂಬ ಗೊಂದಲಕ್ಕೆ ಎಡೆ ಕೊಡುವುದೇಕೆ?

ಅಕ್ಷರಜೋಡಣೆ

ನೀವು ಹೇಳಿದಂತೆಯೇ ಮಾಡಿದೆ ಮೇಡಂ. ಈಗ ಹೊಸದೊಂದು ತಕರಾರು ಬಂದಿದೆ. ಒಬ್ಬನೇ ಬಳಕೆದಾರನು ಒಂದಕ್ಕಿಂತ ಹೆಚ್ಚು ಹೆಸರುಗಳಿಂದ ಒಂದೇ ಸರ್ವರಿಗೆ ಸಂಪರ್ಕ ಸಾಧಿಸುವಂತಿಲ್ಲ ಎಂಬರ್ಥದ ಇಂಗ್ಲಿಷ್ ಸಂದೇಶ ಬರುತ್ತಿದೆ.

ಬಯಲುಸೀಮೆ

ಅದು ದೋಷ ಸಂಖ್ಯೆ 1219. ಹೊಸ ಖಾತೆ ಮಾಡುವ ಮೊದಲು ಹಳೇಪೆಟ್ಟಿಗೆಯವರ ಉಪಾಯವನ್ನು ನೀವು ಪ್ರಯೋಗಿಸಿ ನೋಡಿದ್ದೀರೆಂದು ಕಾಣುತ್ತದೆ. ಒಂದು ವಿಂಡೋಸ್ ಸೆಷನ್‌ನಿಂದ ಒಂದು ಸರ್ವರಿಗೆ (ಇಲ್ಲಿ ಕೌಂಟರಿನ ಕಂಪ್ಯೂಟರಿಗೆ) ಒಂದು ಸಮಯದಲ್ಲಿ ಒಂದೇ ಹೆಸರಿನಲ್ಲಿ ಹೋಗಬಹುದು. ಅತಿಥಿಯ ಹೆಸರಿನ ಹಳೆಯ ಸಂಪರ್ಕ ಹಿನ್ನೆಲೆಯಲ್ಲಿ ಇನ್ನೂ ಜೀವಂತವಾಗಿದ್ದಾಗ 'ವಿನ್ಯಾಸ' ಹೆಸರಿನಲ್ಲಿ ಹೋದದ್ದರಿಂದ ಅದು ತಡೆಯುತ್ತಿದೆ.

ಒಳಕೋಣೆಯ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ನೆಟ್ ಯೂಸ್' ಆಜ್ಞೆ ಕೊಟ್ಟರೆ ಸಂಪರ್ಕಗಳ ಪಟ್ಟಿ ಬರುತ್ತದೆ. ಅದೇ ಆಜ್ಞೆಗೆ ನಕ್ಷತ್ರ ಚಿಹ್ನೆ ಮತ್ತು ಡಿಲೀಟ್ ಸೇರಿಸಿದರೆ ಎಲ್ಲವೂ ಕಡಿದುಹೋಗುತ್ತವೆ. ಬೇರೆ ಮ್ಯಾಪ್ ಮಾಡಿದ ಡ್ರೈವ್‌ಗಳಿದ್ದರೆ (ಹಂಚಿದ ಫೋಲ್ಡರಿಗೆ ಡ್ರೈವ್ ಅಕ್ಷರ ಕೊಟ್ಟವು) ಅವೂ ಹೋಗುತ್ತವೆ ಎಂಬುದು ನೆನಪಿರಲಿ. ಆಜ್ಞೆಗಳ ಸಹವಾಸ ಬೇಡವೆನಿಸಿದರೆ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆದರೂ ಸಾಕು. ಹೆಸರಿನ ಬದಲು ಐಪಿ ವಿಳಾಸದಿಂದ ಹೋದರೆ ವಿಂಡೋಸ್ ಅದನ್ನು ಬೇರೆಯೇ ಸರ್ವರ್ ಎಂದು ತಿಳಿದು ಬಿಟ್ಟುಕೊಡುತ್ತದೆ. ಪರೀಕ್ಷೆಗೆ ಅದು ಒಳ್ಳೆಯ ಉಪಾಯ, ಶಾಶ್ವತ ವ್ಯವಸ್ಥೆಗೆ ಬೇಡ. ಮತ್ತು ದಯವಿಟ್ಟು ಕೌಂಟರಿನಲ್ಲಿ ಆಫ್ ಮಾಡಿದ ಪಾಸ್‌ವರ್ಡ್ ರಕ್ಷಣೆಯನ್ನು ಮತ್ತೆ ಆನ್ ಮಾಡಿ.

ಅಕ್ಷರಜೋಡಣೆ

ಸೈನ್ ಔಟ್ ಆಗಿ ಬಂದಾಗ ಫೋಲ್ಡರ್ ತೆರೆಯಿತು, ಬಹಳ ಸಂತೋಷ. ಹುಡುಗನು ಕಡತಗಳನ್ನು ನೋಡಬಲ್ಲ, ತನ್ನ ಯಂತ್ರಕ್ಕೆ ನಕಲು ಮಾಡಿಕೊಳ್ಳಬಲ್ಲ. ಆದರೆ ತಿದ್ದಿ ಉಳಿಸಹೋದರೆ ಅನುಮತಿಯಿಲ್ಲ ಎನ್ನುತ್ತದೆ. ಸೆಕ್ಯುರಿಟಿ ಟ್ಯಾಬ್‌ನಲ್ಲಿ 'ವಿನ್ಯಾಸ'ಕ್ಕೆ ಮಾಡಿಫೈ ಕೊಟ್ಟಿದ್ದೇನೆ. ಇನ್ನೇನು ಬಾಕಿ?

ತುಂಗಾತೀರ

ಶೇರಿಂಗ್ ಟ್ಯಾಬ್ ಬಾಕಿ. ನೆಟ್‌ವರ್ಕಿನಿಂದ ಬಂದವರು ಎರಡು ಬಾಗಿಲು ದಾಟಬೇಕು: ಹೆಬ್ಬಾಗಿಲು ಎಂದರೆ ಶೇರ್ ಅನುಮತಿ, ನಡುಮನೆಯ ಬಾಗಿಲು ಎಂದರೆ ಎನ್‌ಟಿಎಫ್‌ಎಸ್ ಅನುಮತಿ, ಅಂದರೆ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಕಾಣುವುದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಯಂತ್ರದ ಮುಂದೆಯೇ ಕುಳಿತವರಿಗೆ ಮೊದಲ ಬಾಗಿಲು ಇರುವುದೇ ಇಲ್ಲ. 'ನನಗೆ ತೆರೆಯುತ್ತದೆ, ಅವನಿಗೆ ತೆರೆಯುವುದಿಲ್ಲ' ಎಂಬ ಗೊಂದಲ ಹುಟ್ಟುವುದು ಇಲ್ಲಿಂದ.

ಅಡ್ವಾನ್ಸ್ಡ್ ಶೇರಿಂಗ್ ಮೂಲಕ ಹಂಚಿದಾಗ ವಿಂಡೋಸ್ ತಾನಾಗಿ ಹಾಕುವುದು ಎವರಿವನ್‌ಗೆ ರೀಡ್ ಮಾತ್ರ. ಅಲ್ಲಿ ಪರ್ಮಿಷನ್ಸ್ ಗುಂಡಿ ಒತ್ತಿ, ಎವರಿವನ್ ಅನ್ನು ತೆಗೆದು, 'ವಿನ್ಯಾಸ'ವನ್ನು ಸೇರಿಸಿ ಚೇಂಜ್ ಕೊಡಿ. ಫುಲ್ ಕಂಟ್ರೋಲ್ ಬೇಕಾಗಿಲ್ಲ. ಅದು ಅನುಮತಿಗಳನ್ನೇ ಬದಲಿಸುವ ಅಧಿಕಾರ, ವಿನ್ಯಾಸ ಮಾಡುವವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಸೆಕ್ಯುರಿಟಿ ಟ್ಯಾಬ್‌ನಲ್ಲಿ ಬರೀ ರೈಟ್ ಕೊಡದೆ ಮಾಡಿಫೈ ಕೊಟ್ಟದ್ದು ಸರಿಯಾಯಿತು. ವರ್ಡ್‌ನಂಥ ತಂತ್ರಾಂಶಗಳು ಉಳಿಸುವಾಗ ಹಳೆಯ ಕಡತದ ಮೇಲೆಯೇ ಬರೆಯುವುದಿಲ್ಲ. ಪಕ್ಕದಲ್ಲಿ ಒಂದು ತಾತ್ಕಾಲಿಕ ಕಡತ ಮಾಡಿ, ಅದರಲ್ಲಿ ಬರೆದು, ಹೆಸರು ಬದಲಿಸಿ, ಹಳೆಯದನ್ನು ಅಳಿಸುತ್ತವೆ. ಅಳಿಸುವ ಅನುಮತಿ ಇಲ್ಲದಿದ್ದರೆ ಉಳಿಸುವ ಕೆಲಸವೇ ಅರ್ಧಕ್ಕೆ ನಿಲ್ಲುತ್ತದೆ.

ಇನ್ನು 'ಲೆಕ್ಕ'ದ ವಿಚಾರ. 'ಕೆಲಸ' ಫೋಲ್ಡರನ್ನು ಮಾತ್ರ ಹಂಚಿ, ಯಾವ ಕಾರಣಕ್ಕೂ ಪೂರ್ತಿ ಡಿ ಡ್ರೈವನ್ನು ಹಂಚಬೇಡಿ. ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಡೇಟಾ ಡ್ರೈವ್‌ನಲ್ಲಿ 'ಅಥೆಂಟಿಕೇಟೆಡ್ ಯೂಸರ್ಸ್' ಎಂಬ ಗುಂಪಿಗೆ ಸಾಮಾನ್ಯವಾಗಿ ಮೊದಲಿನಿಂದಲೇ ಮಾಡಿಫೈ ಅನುಮತಿ ಇರುತ್ತದೆ. 'ವಿನ್ಯಾಸ' ಹೆಸರಿನಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟು ಬಂದವನು ಆ ಗುಂಪಿಗೆ ಸೇರಿದವನೇ. ಡ್ರೈವನ್ನೇ ಹಂಚಿದರೆ 'ಲೆಕ್ಕ'ವೂ ಅವನ ಕೈಗೆ ಬರುತ್ತದೆ. ಹಂಚದಿದ್ದರೂ, ಅವನು ಎಂದಾದರೂ ಕೌಂಟರಿನಲ್ಲಿ ಕುಳಿತು ಅದೇ ಖಾತೆಯಿಂದ ಒಳಹೋದರೆ ತೆರೆಯಬಲ್ಲ. ಆದ್ದರಿಂದ 'ಲೆಕ್ಕ'ದ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ, ಮೇಲಿನಿಂದ ಇಳಿದುಬರುವ ಅನುಮತಿಯನ್ನು ನಿಲ್ಲಿಸಿ, ನಿಮ್ಮ ಖಾತೆ, ಸಿಸ್ಟಮ್ ಮತ್ತು ಅಡ್ಮಿನಿಸ್ಟ್ರೇಟರ್ಸ್ ಇಷ್ಟನ್ನೇ ಉಳಿಸಿ. 'ಡಿನೈ' ಬಳಸಬೇಡಿ; ಅದು ಸಾಮಾನ್ಯವಾಗಿ ಬೇರೆ ಅನುಮತಿಗಳಿಗೆ ಅಡ್ಡ ಬಂದು, ಗುಂಪಿನ ಮೇಲೆ ಹಾಕಿದರೆ ನಿಮ್ಮನ್ನೇ ಹೊರಗಿಟ್ಟೀತು.

ಅಕ್ಷರಜೋಡಣೆ

ಈಗ ಉಳಿಸಲೂ ಆಗುತ್ತಿದೆ. ಆದರೆ 'ಲೆಕ್ಕ'ದೊಳಗಿದ್ದ ಕೆಲವು ಹಳೆಯ ಬಿಲ್ ಪುಸ್ತಕದ ಮಾದರಿಗಳನ್ನು ನಾನು ಎಳೆದು 'ಕೆಲಸ'ಕ್ಕೆ ಹಾಕಿದೆ. ಅವನ್ನು ಮಾತ್ರ ಹುಡುಗನಿಗೆ ತೆರೆಯಲಾಗುತ್ತಿಲ್ಲ. ಅದೇ ಫೋಲ್ಡರಿನ ಉಳಿದವು ಸರಿಯಾಗಿವೆ.

ಬಯಲುಸೀಮೆ

ಒಂದೇ ಡ್ರೈವ್‌ನೊಳಗೆ ಕಡತವನ್ನು ಸ್ಥಳಾಂತರಿಸಿದರೆ ಅದು ತನ್ನ ಹಳೆಯ ಅನುಮತಿಗಳನ್ನು ಹೊತ್ತುಕೊಂಡೇ ಬರುತ್ತದೆ. ನಕಲು ಮಾಡಿದರೆ ಹೊಸ ಫೋಲ್ಡರಿನ ಅನುಮತಿಗಳು ಅದಕ್ಕೆ ಸಿಗುತ್ತವೆ. 'ಲೆಕ್ಕ'ವನ್ನು ಬಿಗಿಗೊಳಿಸಿದ ಮೇಲೆ ಅಲ್ಲಿಂದ ಎಳೆದು ತಂದವುಗಳಲ್ಲಿ ಆ ಬಿಗಿ ಉಳಿದಿದೆ. 'ಕೆಲಸ'ದ ಸೆಕ್ಯುರಿಟಿಯ ಅಡ್ವಾನ್ಸ್ಡ್ ಕಿಟಕಿಯಲ್ಲಿ, ಒಳಗಿನ ಎಲ್ಲ ಕಡತಗಳ ಅನುಮತಿಗಳನ್ನು ಈ ಫೋಲ್ಡರಿನವುಗಳಿಂದ ಬದಲಿಸುವ ಸಾಲಿಗೆ ಟಿಕ್ ಹಾಕಿದರೆ ಸರಿಹೋಗುತ್ತದೆ. ಮುಂದೆ ಎಳೆದು ಹಾಕದೆ ಕಾಪಿ ಮಾಡಿ.

ಹಳೇಪೆಟ್ಟಿಗೆ

ಈ ಮಾತು ನನಗೂ ಪ್ರಯೋಜನಕ್ಕೆ ಬಂತು. ಖಾತೆಯ ದಾರಿಯನ್ನು ಒಪ್ಪಿಕೊಳ್ಳೋಣ. ಆದರೆ ನನ್ನ ಗಿರಾಕಿಯೊಬ್ಬರಲ್ಲಿ ಸ್ಟಿಕ್ಕರ್ ಕತ್ತರಿಸುವ ಯಂತ್ರಕ್ಕೆ ಎಕ್ಸ್‌ಪಿ ಕಂಪ್ಯೂಟರ್ ಜೋಡಿಸಿದೆ. ಅದರ ಡ್ರೈವರ್ ಹೊಸ ವಿಂಡೋಸ್‌ನಲ್ಲಿ ಕೂರುವುದಿಲ್ಲ. ಹೆಸರು, ಪಾಸ್‌ವರ್ಡ್ ಎಲ್ಲ ಸರಿಯಾಗಿ ಕೊಟ್ಟರೂ ಎಕ್ಸ್‌ಪಿಯಿಂದ ವಿಂಡೋಸ್ 11ರ ಫೋಲ್ಡರ್ ಸಿಗುವುದಿಲ್ಲ. ಎಸ್‌ಎಂಬಿ 1 ಆನ್ ಮಾಡಿದರೆ ಸಿಗುತ್ತದಂತೆ. ಮಾಡಬಹುದೇ?

ಬಯಲುಸೀಮೆ

ಬೇಡ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಮಾತ್ರ, ನಿಜ. ಆದರೆ 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಅದೇ ಹಳೆಯ ಆವೃತ್ತಿಯ ರಂಧ್ರದಿಂದ. ಅದೇ ವರ್ಷದ ವಿಂಡೋಸ್ 10ರ 1709ನೇ ಆವೃತ್ತಿಯಿಂದ ಅದನ್ನು ಹೊಸ ಯಂತ್ರಗಳಲ್ಲಿ ತಾನಾಗಿ ಹಾಕುವುದನ್ನು ನಿಲ್ಲಿಸಲಾಯಿತು. ಒಂದು ಕತ್ತರಿ ಯಂತ್ರಕ್ಕಾಗಿ ಗಿರಾಕಿಗಳ ಕಡತಗಳಿರುವ ಕಂಪ್ಯೂಟರನ್ನು ಅಪಾಯಕ್ಕೆ ಒಡ್ಡುವುದು ಲಾಭದ ವ್ಯವಹಾರವಲ್ಲ. ಆ ಯಂತ್ರಕ್ಕೆ ಹೋಗುವುದು ದಿನಕ್ಕೆ ಕೆಲವೇ ಕಡತಗಳಾದ್ದರಿಂದ ಅಲ್ಲಿ ಪೆನ್‌ಡ್ರೈವ್ ಇರಲಿ. ವಿಂಡೋಸ್ 7 ಇರುವ ಯಂತ್ರವಾಗಿದ್ದರೆ ಈ ತೊಡಕಿಲ್ಲ; ಅದಕ್ಕೆ ಎಸ್‌ಎಂಬಿಯ ಎರಡನೆಯ ಆವೃತ್ತಿ ಗೊತ್ತು.

ಗೂಡುದೀಪ

ನಾನು ಲಿನಕ್ಸ್ ಬಳಸುವವನು. ಓದುವವರಲ್ಲಿ ನನ್ನಂಥವರಿದ್ದರೆ ಉಪಯೋಗವಾಗಲೆಂದು ಒಂದು ಮಾತು. ಫೋಲ್ಡರ್ ಲಿನಕ್ಸ್ ಯಂತ್ರದಲ್ಲಿದ್ದು ವಿಂಡೋಸ್‌ನಿಂದ ತೆರೆಯಬೇಕಾದಾಗ ಲಿನಕ್ಸ್‌ನಿಂದ ವಿಂಡೋಸ್‌ಗೆ ಫೋಲ್ಡರ್ ಹಂಚಿಕೊಡುವ ಸಾಂಬಾ ಎಂಬ ತಂತ್ರಾಂಶವನ್ನು ಬಳಸುತ್ತೇವೆ. ಅಲ್ಲಿ ಲಿನಕ್ಸ್ ಖಾತೆಯ ಪಾಸ್‌ವರ್ಡ್ ಬೇರೆ, ಸಾಂಬಾದ ಪಾಸ್‌ವರ್ಡ್ ಬೇರೆ. ಲಿನಕ್ಸ್‌ನಲ್ಲಿ ಖಾತೆ ಮಾಡಿದ ಮೇಲೆ ಅದೇ ಹೆಸರನ್ನು ಸಾಂಬಾದ ಪಟ್ಟಿಗೂ ಪ್ರತ್ಯೇಕವಾಗಿ ಸೇರಿಸಿ ಪಾಸ್‌ವರ್ಡ್ ಕೊಡಬೇಕು. ಎರಡು ಬಾಗಿಲುಗಳ ನಿಯಮ ಅಲ್ಲಿಯೂ ಇದೆ: ಸಾಂಬಾದ ಸಂರಚನೆಯಲ್ಲಿ ಬರೆಯಲು ಅವಕಾಶ ಕೊಟ್ಟರೂ ಲಿನಕ್ಸ್ ಫೋಲ್ಡರಿನ ಮಾಲೀಕತ್ವ ಬೇರೆಯವರದ್ದಾಗಿದ್ದರೆ ಬರೆಯಲಾಗದು. ಮ್ಯಾಕ್ ಇಟ್ಟುಕೊಂಡವರು ಫೈಲ್ ಶೇರಿಂಗ್‌ನ ಆಪ್ಷನ್ಸ್‌ನಲ್ಲಿ, ವಿಂಡೋಸ್‌ನಿಂದ ಬರುವ ಖಾತೆಯ ಮುಂದೆ ಬೇರೆಯಾಗಿ ಟಿಕ್ ಹಾಕಬೇಕಾಗುತ್ತದೆ.

ಅಕ್ಷರಜೋಡಣೆ

ಎಲ್ಲರಿಗೂ ಧನ್ಯವಾದಗಳು. ಇನ್ನೆರಡು ಸಂಶಯಗಳಿವೆ. ನಿನ್ನೆ ಇಂಟರ್‌ನೆಟ್ ಹೋದಾಗ ಎರಡೂ ಕಂಪ್ಯೂಟರುಗಳನ್ನು ನನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದೆ. ಆಗ ಫೋಲ್ಡರ್ ಸಿಗಲಿಲ್ಲ. ಮತ್ತೆ ರೂಟರಿಗೆ ಬಂದಾಗ ಸರಿಯಾಯಿತು. ಇದೇಕೆ? ಎರಡನೆಯದು, ನಾಳೆ ಈ ಹುಡುಗ ಕೆಲಸ ಬಿಟ್ಟು ಬೇರೊಬ್ಬರು ಬಂದರೆ ನಾನು ಏನೇನು ಬದಲಿಸಬೇಕು?

ತುಂಗಾತೀರ

ಹೊಸ ನೆಟ್‌ವರ್ಕಿಗೆ ಸೇರಿದಾಗ ವಿಂಡೋಸ್ ಅದನ್ನು ಸಾಮಾನ್ಯವಾಗಿ 'ಪಬ್ಲಿಕ್' ಎಂದು ಗುರುತಿಸುತ್ತದೆ. ಆಗ ಫೈರ್‌ವಾಲ್ ಕಡತ ಹಂಚಿಕೆಯ 445ನೇ ಪೋರ್ಟನ್ನು (ಸಂಪರ್ಕ ಒಳಬರುವ ದ್ವಾರ) ಮುಚ್ಚಿಡುತ್ತದೆ. ನಿಮ್ಮ ರೂಟರಿನ ಜಾಲವನ್ನು 'ಪ್ರೈವೇಟ್' ಎಂದು ಗುರುತಿಸಿರುವುದರಿಂದ ಅಲ್ಲಿ ನಡೆಯುತ್ತದೆ. ಹಾಟ್‌ಸ್ಪಾಟನ್ನೂ ಪ್ರೈವೇಟ್ ಮಾಡಬಹುದು, ಆದರೆ ಆಪತ್ಕಾಲದ ವ್ಯವಸ್ಥೆಗೆ ಅದರ ಅಗತ್ಯ ಕಾಣುವುದಿಲ್ಲ: ಇಂಟರ್‌ನೆಟ್ ಹೋದರೂ ರೂಟರಿಗೆ ವಿದ್ಯುತ್ ಇರುವಷ್ಟು ಹೊತ್ತು ಎರಡು ಕಂಪ್ಯೂಟರುಗಳ ನಡುವಿನ ಹಂಚಿಕೆ ನಡೆಯುತ್ತಲೇ ಇರುತ್ತದೆ. ಕೌಂಟರಿನದು ಮಾತ್ರ ಹಾಟ್‌ಸ್ಪಾಟ್‌ಗೆ ಹೋದರೂ, ಅದರ ಕೇಬಲ್ ರೂಟರಿನಲ್ಲಿ ಉಳಿದಿರಲಿ. ರೂಟರಿನ 'ಗೆಸ್ಟ್ ವೈಫೈ'ಗೆ ಮಾತ್ರ ಯಾವ ಕಂಪ್ಯೂಟರನ್ನೂ ಸೇರಿಸಬೇಡಿ. ಅಲ್ಲಿರುವ ಯಂತ್ರಗಳು ಸಾಮಾನ್ಯವಾಗಿ ಒಂದನ್ನೊಂದು ಕಾಣುವುದೇ ಇಲ್ಲ.

ಹುಡುಗ ಕೆಲಸ ಬಿಟ್ಟರೆ ಕೌಂಟರಿನ ಯಂತ್ರದಲ್ಲಿ 'ವಿನ್ಯಾಸ' ಖಾತೆಯ ಪಾಸ್‌ವರ್ಡ್ ಬದಲಿಸಿ, ಒಳಕೋಣೆಯ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಹೊಸದನ್ನು ಬರೆಯಿರಿ. ಫೋಲ್ಡರಿನ ಅನುಮತಿಗಳನ್ನು ಮುಟ್ಟಬೇಕಾಗಿಲ್ಲ. ಕೆಲಸದವರು ಇಬ್ಬರಾದರೆ ಇಬ್ಬರಿಗೂ ಒಂದೊಂದು ಖಾತೆ ಮಾಡಿ, ಇಬ್ಬರನ್ನೂ ಒಂದು ಗುಂಪಿಗೆ ಸೇರಿಸಿ, ಅನುಮತಿಯನ್ನು ಗುಂಪಿಗೆ ಕೊಡಿ. ಒಬ್ಬರು ಹೋದಾಗ ಅವರ ಖಾತೆಯನ್ನಷ್ಟೇ ನಿಷ್ಕ್ರಿಯಗೊಳಿಸಿದರಾಯಿತು.

ಒಂದನ್ನು ಮಾತ್ರ ಗಮನಿಸಿ. ಪಾಸ್‌ವರ್ಡ್ ಬದಲಿಸಿದ, ಅಥವಾ ಖಾತೆಯನ್ನು ನಿಷ್ಕ್ರಿಯಗೊಳಿಸಿದ ಕ್ಷಣದಲ್ಲಿ ಆಗಲೇ ತೆರೆದಿರುವ ಸಂಪರ್ಕ ಕಡಿದುಹೋಗುವುದಿಲ್ಲ. ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಶೇರ್ಡ್ ಫೋಲ್ಡರ್ಸ್ ಕೆಳಗೆ 'ಸೆಷನ್ಸ್' ಎಂಬುದನ್ನು ತೆರೆದರೆ ಯಾವ ಹೆಸರಿನಲ್ಲಿ, ಯಾವ ಯಂತ್ರದಿಂದ ಯಾರು ಬಂದಿದ್ದಾರೆಂಬುದು ಕಾಣುತ್ತದೆ. ಪಕ್ಕದ 'ಓಪನ್ ಫೈಲ್ಸ್'ನಲ್ಲಿ ಅರ್ಧ ತಿದ್ದಿದ ಕಡತ ಯಾವುದೂ ತೆರೆದಿಲ್ಲವೆಂದು ಖಚಿತಪಡಿಸಿಕೊಂಡು, ಆ ಸೆಷನ್ ಮೇಲೆ ಬಲಗುಂಡಿ ಒತ್ತಿ ಮುಚ್ಚಿ. ಅಲ್ಲಿ 'ವಿನ್ಯಾಸ'ದ ಬದಲು 'ಗೆಸ್ಟ್' ಎಂಬ ಹೆಸರು ಕಂಡರೆ ಪಾಸ್‌ವರ್ಡ್ ರಕ್ಷಣೆ ಇನ್ನೂ ಆಫ್ ಆಗಿಯೇ ಇದೆ ಎಂದರ್ಥ.